ಕೊರ್ರಾ, ಅಸಾಮಿ ಜೋಡಿ ಹೌದೋ ಅಲ್ವೋ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಅಂತೂ ‘ದಿ ಲೆಜೆಂಡ್ ಆಫ್ ಕೊರ್ರಾ’ ಅನಿಮೇಷನ್ ಸರಣಿ ಮುಗಿಸಿದೆಯಲ್ಲ, ತುಂಬಾ ಖುಷಿಯಾಯ್ತು. ಆದರೆ ಮುಗಿಸಿದ ಬೆನ್ನಲ್ಲೇ ಯಾರೋ ನಿನ್ನ ಸಂಭ್ರಮಕ್ಕೆ ತಣ್ಣೀರೆರಚಿದ್ದಾರೆ. ನಾಯಕಿ ಕೊರ್ರಾ, ಅವಳ ಜೊತೆಗಾರ್ತಿ ಅಸಾಮಿ ಪ್ರೇಮಿಗಳಲ್ಲ, ಬರೀ ಗೆಳತಿಯರಂತೆ. ಎಲ್ಲಾ ಮುಗಿದ ಮೇಲೆ ಸೃಷ್ಟಿಕರ್ತರು ಬಂದು ಏನೋ ಹೇಳಿದ ಮಾತ್ರಕ್ಕೆ ಅದು ಕ್ಯಾನನ್, ಅಂದರೆ ಕಥೆಯ ಅಧಿಕೃತ ಭಾಗ, ಆಗೋದಿಲ್ವಂತೆ. ಹಾಗಾದರೆ ಇದನ್ನೆಲ್ಲ ತೀರ್ಮಾನ ಮಾಡೋರು ಯಾರು ಅಂತ ಕೇಳಿದ್ದೀಯ.

ಕಥೆಯೇ ತೀರ್ಮಾನ ಮಾಡಬೇಕು ಅನ್ನೋದು ನನ್ನ ನಂಬಿಕೆ. ಅಷ್ಟರ ಮಟ್ಟಿಗೆ ನಿನ್ನ ಜೊತೆ ವಾದ ಮಾಡಿದವರ ಮಾತು ನನಗೂ ಒಪ್ಪಿಗೆ. ಆದರೆ ಕಥೆ ಅಂದರೆ ಒಂದು ಮುತ್ತು ಅಥವಾ ಒಂದು ‘ಐ ಲವ್ ಯೂ’ ಅಷ್ಟೇ ಅಂದುಕೊಂಡರೆ ಅಲ್ಲಿ ನನ್ನ ತಕರಾರಿದೆ. ನಾನು ನೋಡುವುದು ಇಷ್ಟೇ. ಆ ಪ್ರೀತಿಯನ್ನು ಕಥೆಯಿಂದ ತೆಗೆದುಬಿಟ್ಟರೆ ಯಾವ ಯಾವ ದೃಶ್ಯಗಳು ಅರ್ಥ ಕಳೆದುಕೊಳ್ಳುತ್ತವೆ?

ನಾಲ್ಕನೇ ಸೀಸನ್ನಿನ ಆ ಪತ್ರವನ್ನೇ ತಗೋ. ವಿಷದಿಂದ ಜರ್ಜರಿತಳಾದ ಕೊರ್ರಾ ಊರಿಗೆ ಹೋಗಿ ಮೂರು ವರ್ಷ ಎಲ್ಲರಿಂದ ದೂರ ಇರುತ್ತಾಳೆ. ಗೆಳೆಯ ಮ್ಯಾಕೋ ಬರೆಯುತ್ತಾನೆ, ಅವನ ತಮ್ಮ ಬೋಲಿನ್ ಬರೆಯುತ್ತಾನೆ. ಅವಳು ಉತ್ತರ ಬರೆಯುವುದು ಅಸಾಮಿಗೆ ಮಾತ್ರ. ನಿನಗೆ ಬರೆದಿದ್ದೇನೆ ಅಂತ ಅವರಿಬ್ಬರಿಗೂ ಹೇಳಬೇಡ ಅಂತ ಬೇರೆ ಕೇಳಿಕೊಳ್ಳುತ್ತಾಳೆ. ಮ್ಯಾಕೋ ಅವಳ ಹಳೇ ಪ್ರೇಮಿ. ಅಸಾಮಿಗೂ ಹಳೇ ಪ್ರೇಮಿ. ಮೊದಲ ಸೀಸನ್ನಿನಲ್ಲಿ ಅವನ ಸಲುವಾಗಿಯೇ ಇವರಿಬ್ಬರ ನಡುವೆ ಇರುಸುಮುರುಸು ಇತ್ತು. ಅಂಥದ್ದರಲ್ಲಿ ಕೊರ್ರಾ ತನ್ನ ಅತೀ ದುರ್ಬಲ ದಿನಗಳ ಸುದ್ದಿಯನ್ನು ಅಸಾಮಿ ಒಬ್ಬಳ ಮುಂದೆ ಬಿಚ್ಚಿಡುತ್ತಾಳೆ. ಮುಂದೆ ಭೇಟಿಯಾದಾಗ ಅಸಾಮಿ ಅವಳ ಕೂದಲು ಚೆನ್ನಾಗಿದೆ ಅನ್ನುತ್ತಾಳೆ, ಕೊರ್ರಾಳ ಕೆನ್ನೆ ಕೆಂಪಾಗುತ್ತದೆ. ಅನಿಮೇಷನ್‌ನಲ್ಲಿ ಯಾವುದೂ ಸುಮ್ನೆ ಆಗೋದಿಲ್ಲ ಕಣೋ. ನಟಿ ಆಕಸ್ಮಿಕವಾಗಿ ನಾಚಿದಳು ಅನ್ನೋ ಹಾಗಿಲ್ಲ. ಆ ಕೆಂಪನ್ನು ಯಾರೋ ಕೂತು ಬಳಿದಿದ್ದಾರೆ.

ಇನ್ನು ಕೊನೆಯ ಎಪಿಸೋಡ್. ಅಸಾಮಿ ಆಗಷ್ಟೇ ಅಪ್ಪನನ್ನು ಕಳೆದುಕೊಂಡಿದ್ದಾಳೆ. ಒಂದೇ ದಿನ ನಿನ್ನನ್ನೂ ಕಳೆದುಕೊಂಡಿದ್ದರೆ ನನ್ನಿಂದ ತಡೆಯೋಕೆ ಆಗ್ತಿರಲಿಲ್ಲ ಅನ್ನುತ್ತಾಳೆ. ಇಬ್ಬರೇ ಎಲ್ಲಾದರೂ ಹೋಗೋಣ ಅಂತ ಕೊರ್ರಾ ಹೇಳುತ್ತಾಳೆ. ಕೈ ಕೈ ಹಿಡಿದು ಬೆಳಕಿನೊಳಗೆ ನಡೆದು, ಎದುರುಬದುರು ನಿಂತು, ಎರಡೂ ಕೈ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಾರೆ. ಸರಣಿ ಮುಗಿಯುತ್ತದೆ. ಇದೇ ಜಾಗದಲ್ಲಿ ಮ್ಯಾಕೋ ಕೊರ್ರಾಳ ಕೈ ಹಿಡಿದು ನಿಂತಿದ್ದರೆ ‘ಇದು ಸ್ನೇಹವೋ ಪ್ರೀತಿಯೋ’ ಅಂತ ಯಾರಾದರೂ ಕೇಳ್ತಿದ್ದರಾ? ಗಂಡು ಹೆಣ್ಣು ಒಂದು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಸಾಕು, ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಇಬ್ಬರು ಹೆಣ್ಣುಮಕ್ಕಳಾದರೆ ಮಾತ್ರ ಸಾಕ್ಷಿ ಬೇಕು, ಸಹಿ ಬೇಕು. ಈ ತಾರತಮ್ಯ ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಕ್ಯಾನನ್ ಬಗ್ಗೆ ನಡೆಯುವ ಎಷ್ಟೋ ಜಗಳಗಳ ಬೇರು ಇಲ್ಲೇ ಇದೆ.

ಆ ಎಪಿಸೋಡ್ ಬಂದದ್ದು 2014ರ ಡಿಸೆಂಬರ್ 19ಕ್ಕೆ. ಮೂರು ದಿನದ ನಂತರ ಸೃಷ್ಟಿಕರ್ತರಾದ ಬ್ರಯಾನ್ ಕೊನಿಯೆಟ್ಜ್‌ಕೊ, ಮೈಕಲ್ ಡಿಮಾರ್ಟಿನೊ ಇಬ್ಬರೂ ಇದು ಪ್ರೀತಿಯೇ ಅಂತ ಬರೆದರು. ಚಾನೆಲ್ ಬೆಂಬಲ ಕೊಟ್ಟಿತು, ಆದರೆ ಎಷ್ಟು ತೋರಿಸಬಹುದು ಅನ್ನೋದಕ್ಕೆ ಮಿತಿ ಇತ್ತು ಅಂತಲೂ ಕೊನಿಯೆಟ್ಜ್‌ಕೊ ಹೇಳಿದ್ದಾರೆ. ಅವರು ಒಂದಕ್ಷರ ಬರೆಯದೇ ಇದ್ದಿದ್ದರೂ ನನ್ನ ಲೆಕ್ಕ ಬದಲಾಗ್ತಿರಲಿಲ್ಲ.

ಯಾಕೆಂದರೆ ಬರೆದವರ ಮಾತಿಗೆ ಕಥೆಯನ್ನು ತಿದ್ದುವ ಶಕ್ತಿ ಇಲ್ಲ. ‘ಹ್ಯಾರಿ ಪಾಟರ್’ನ ರಾನ್, ಹರ್ಮಾಯನಿ ವಿಷಯ ನೆನಪಿದೆಯಲ್ಲ? ಆ ಜೋಡಿ ಮಾಡಿದ್ದು ತನ್ನ ಸ್ವಂತ ಆಸೆಗೆ, ಕಥೆಗೆ ಬೇಕಿತ್ತು ಅಂತ ಅಲ್ಲ ಅನ್ನೋ ಅರ್ಥದಲ್ಲಿ ಲೇಖಕಿ ರೌಲಿಂಗ್ 2014ರಲ್ಲಿ ಸಂದರ್ಶನ ಕೊಟ್ಟರು. ಏನಾಯ್ತು? ಏನೂ ಆಗಲಿಲ್ಲ. 2007ರ ಕೊನೆಯ ಪುಸ್ತಕದಲ್ಲಿ ಅವರಿಬ್ಬರೂ ಮಕ್ಕಳನ್ನು ರೈಲು ಹತ್ತಿಸ್ತಾನೇ ಇದ್ದಾರೆ.

ಕಂಪನಿಗಳ ವಿಷಯ ಇನ್ನೂ ಕಷ್ಟದ್ದು. ‘ಸ್ಟಾರ್ ವಾರ್ಸ್’ ಕಾದಂಬರಿ, ಕಾಮಿಕ್ಸ್‌ಗಳಲ್ಲಿ ಲ್ಯೂಕ್ ಸ್ಕೈವಾಕರ್‌ಗೆ ಮಾರಾ ಜೇಡ್ ಅನ್ನೋ ಹೆಂಡತಿ ಇದ್ದಳು. ಮೊದಲು ಅವನನ್ನು ಕೊಲ್ಲಬೇಕು ಅಂತಿದ್ದವಳು. ದ್ವೇಷ ಕರಗಿ ಮದುವೆಯಾಗಿ, ಬೆನ್ ಅನ್ನೋ ಮಗನೂ ಹುಟ್ಟಿದ. ಓದುಗರು ವರ್ಷಗಟ್ಟಲೆ ಅವರ ಜೊತೆ ಬದುಕಿದರು. 2014ರ ಏಪ್ರಿಲ್‌ನಲ್ಲಿ ‘ಸ್ಟಾರ್ ವಾರ್ಸ್’ ತಯಾರಿಸುವ ಲೂಕಾಸ್‌ಫಿಲ್ಮ್ ಕಂಪನಿ ಹೊಸ ಸಿನಿಮಾಗಳಿಗೆ ಜಾಗ ಮಾಡಿಕೊಳ್ಳಲು ಅದನ್ನೆಲ್ಲ ಕ್ಯಾನನ್ ಅಲ್ಲದ ‘ಲೆಜೆಂಡ್ಸ್’ ಅಂತ ಪಕ್ಕಕ್ಕೆ ಸರಿಸಿತು. ಹೆಂಡತಿ ಹೋದಳು, ಮಗನೂ ಹೋದ. ಮುಂದಿನ ಕಥೆಗಾರರು ಯಾವುದಕ್ಕೆ ಬದ್ಧರಾಗಿರಬೇಕು ಅಂತ ಹೇಳುವ ಹಕ್ಕು ಕಂಪನಿಗಿದೆ, ಅದನ್ನು ಒಪ್ಪುತ್ತೇನೆ. ಓದಿದವರು ಓದಿದ್ದನ್ನು ಮರೆಯಬೇಕು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಆ ಪುಸ್ತಕಗಳ ಒಳಗೆ ಅವರು ಇವತ್ತಿಗೂ ಗಂಡ ಹೆಂಡತಿಯೇ.

ನಮ್ಮ ಪಂಪನನ್ನೇ ನೋಡು. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ವ್ಯಾಸಭಾರತ ಓದುವಾಗ ಅವಳಿಗೆ ಐವರು, ಪಂಪಭಾರತ ಓದುವಾಗ ಒಬ್ಬನೇ. ನಾವು ಎರಡನ್ನೂ ಇಟ್ಟುಕೊಂಡು ಸಾವಿರ ವರ್ಷದಿಂದ ಆರಾಮಾಗಿದ್ದೇವೆ, ಅಲ್ವಾ?

ಹಾಗಂತ ನಮಗೆ ಇಷ್ಟವಾದದ್ದೆಲ್ಲ ಕ್ಯಾನನ್ ಅಂತ ನಾನು ಹೇಳುತ್ತಿಲ್ಲ. ‘ಲಿಟಲ್ ವಿಮೆನ್’ ಕಾದಂಬರಿಯ ಮೊದಲ ಭಾಗ 1868ರಲ್ಲಿ ಬಂದಾಗ ಹುಡುಗಿಯರು ಲೇಖಕಿ ಲೂಯಿಸಾ ಮೇ ಆಲ್ಕಾಟ್‌ಗೆ ಪತ್ರ ಬರೆದು, ನಾಯಕಿ ಜೋಗೆ ಅವಳ ಗೆಳೆಯ ಲಾರಿ ಜೊತೆ ಮದುವೆ ಮಾಡಿಸಿ ಅಂತ ಕಾಡಿದರು. ಆಕೆ ಜಗ್ಗಲಿಲ್ಲ. 1869ರ ಎರಡನೇ ಭಾಗದಲ್ಲಿ ಲಾರಿ ಕೇಳುತ್ತಾನೆ, ಜೋ ಬೇಡ ಅನ್ನುತ್ತಾಳೆ. ಅವನು ಅವಳ ತಂಗಿ ಏಮಿಯನ್ನು ಮದುವೆಯಾಗುತ್ತಾನೆ. ನನಗೂ ಜೋ, ಲಾರಿ ಒಂದಾಗಬೇಕಿತ್ತು. ಆದರೆ ಆ ನಿರಾಕರಣೆಯನ್ನು ತೆಗೆದರೆ ಮುಂದಿನ ಜೋ ಉಳಿಯೋದೇ ಇಲ್ಲ. ಹಾಗಾಗಿ ಅದು ಕ್ಯಾನನ್ ಅಲ್ಲ ಅಂತ ಒಪ್ಪಿಕೊಂಡೇ ಅವರನ್ನು ಜೋಡಿಯಾಗಿ ಕಲ್ಪಿಸಿಕೊಳ್ಳುತ್ತೇನೆ. ಅದರಿಂದ ನನ್ನ ಪ್ರೀತಿ ಒಂಚೂರೂ ಕಮ್ಮಿಯಾಗಿಲ್ಲ.

ಕೊರ್ರಾ, ಅಸಾಮಿ ವಿಷಯ ಹಾಗಲ್ಲ. ಅಲ್ಲಿ ನೀನು ಕಲ್ಪಿಸಿಕೊಳ್ಳಬೇಕಾದ್ದು ಏನೂ ಇಲ್ಲ. ಮತ್ತೆ ಯಾರಾದರೂ ವಾದಕ್ಕೆ ಬಂದರೆ ಸಂದರ್ಶನ, ಪೋಸ್ಟ್ ಯಾವುದನ್ನೂ ತೆಗೆಯಬೇಡ. ಆ ಪತ್ರ ಮ್ಯಾಕೋಗೆ ಯಾಕೆ ಹೋಗಲಿಲ್ಲ ಅಂತ ಕೇಳು. ಆಮೇಲೆ 2017ರಲ್ಲಿ ಬಂದ ‘ಟರ್ಫ್ ವಾರ್ಸ್’ ಕಾಮಿಕ್ಸ್ ಓದು. ಸರಣಿ ನಿಂತಲ್ಲಿಂದಲೇ ಶುರುವಾಗುತ್ತದೆ. ಮುತ್ತೂ ಇದೆ, ಬೇಕು ಅನ್ನೋರಿಗೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಕೊರ್ರಾ ಅಪ್ಪ ಅಮ್ಮನಿಗೆ ವಿಷಯ ತಿಳಿಸುವ ಭಾಗ. ಅಪ್ಪನಿಗೆ ಬೇಸರವಿಲ್ಲ, ಆದರೆ ಊರಿನವರ ಮುಂದೆ ಹೇಳಬೇಡ ಅನ್ನುತ್ತಾನೆ, ಅವಳಿಗೆ ಸಿಟ್ಟು ಬರುತ್ತದೆ. ಅದನ್ನು ಓದಿದ ಮೇಲೆ ಬರಿ, ಅಪ್ಪ ಹೇಳಿದ್ದರ ಬಗ್ಗೆ ನಿನಗೆ ಏನನ್ನಿಸಿತು ಅಂತ ಕೇಳಬೇಕು.

ನಿನ್ನ ಗೆಳೆಯ