ದ್ವೇಷ ಬರಹ: ಕನ್ನಡ ಬಲ್ಲವರೇ ಪರಿಶೀಲಿಸಲಿ

ಸಾಮಾಜಿಕ ಜಾಲತಾಣಗಳಲ್ಲಿ ಕನ್ನಡದಲ್ಲಿ ಹರಿದಾಡುವ ದ್ವೇಷದ ಬರಹಗಳಿಗೆ ಆ ಜಾಲತಾಣಗಳನ್ನು ನಡೆಸುವ ಕಂಪನಿಗಳೂ ಹೊಣೆ ಹೊರಬೇಕು. ನಮ್ಮ ಬೀದಿಯಲ್ಲಿ ಹೂ ಮಾರುವ ಮಹಿಳೆಯ ಫೋಟೊ ಹಾಕಿ, ಜಾತಿ ಹಿಡಿದು ಬೈದಿದ್ದ ಪೋಸ್ಟ್ ಬಗ್ಗೆ ದೂರು ಕೊಟ್ಟೆ. ‘ನಿಯಮ ಉಲ್ಲಂಘನೆಯಾಗಿಲ್ಲ’ ಎಂಬ ಉತ್ತರ ಇಂಗ್ಲಿಷಿನಲ್ಲಿ ಬಂತು. ಆ ಬೈಗುಳ ಅರ್ಥವಾಗುವ ಯಾರೂ ಅದನ್ನು ಓದಿರಲಾರರು. ಹಾಗೆಂದು ಅಧಿಕಾರಸ್ಥರಿಗೆ ಹಿಡಿಸದ್ದನ್ನೆಲ್ಲ ಅಳಿಸುವುದೂ ಸಲ್ಲದು. ಅಂತರ್ಜಾಲದಲ್ಲಿ ‘ಆಕ್ಷೇಪಾರ್ಹ’ ಬರಹ ಹಾಕಿದವರಿಗೆ ಶಿಕ್ಷೆ ವಿಧಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಪಡಿಸಿದ್ದು ವಾಕ್ ಸ್ವಾತಂತ್ರ್ಯದ ರಕ್ಷಣೆಗಾಗಿಯೇ. ಅದೇ ಕಾಯ್ದೆಯಡಿಯ 2021ರ ನಿಯಮಗಳ ಪ್ರಕಾರ ಕಂಪನಿಗಳು 24 ಗಂಟೆಯೊಳಗೆ ದೂರಿಗೆ ಸ್ವೀಕೃತಿ ನೀಡಬೇಕು. ಅದಷ್ಟೇ ಸಾಲದು. ಕನ್ನಡ ಬಲ್ಲ ಸಿಬ್ಬಂದಿಯೇ ದೂರು ಪರಿಶೀಲಿಸಿ, ಬರಹ ತೆಗೆದರೂ ಉಳಿಸಿದರೂ ಕಾರಣವನ್ನು ಕನ್ನಡದಲ್ಲಿ ತಿಳಿಸುವಂತೆ ಕೇಂದ್ರ ಸರ್ಕಾರ ನಿಯಮಕ್ಕೆ ತಿದ್ದುಪಡಿ ತರಲಿ.

– ಓದುಗ, ದಾವಣಗೆರೆ