ಕೋಲಾರದ ಕೆರೆಯೂರುಗಳಿಗೆ ನಮಸ್ಕಾರ

ಕೋಲಾರ ಜಿಲ್ಲೆಯ ಕೆರೆಗಳ ಸಾಕ್ಷ್ಯಚಿತ್ರಕ್ಕಾಗಿ ಚಿತ್ರೀಕರಿಸಿದ್ದ ನನ್ನ ಮಿನಿ ಡಿವಿ ಟೇಪುಗಳೆಲ್ಲ, ಅಂದರೆ ಪುಟ್ಟ ವಿಡಿಯೊ ಕ್ಯಾಸೆಟ್ಟುಗಳೆಲ್ಲ, ಕಳೆದ ವಾರಕ್ಕೆ ಕಂಪ್ಯೂಟರಿಗೆ ವರ್ಗಾವಣೆಯಾದವು. ಚಿತ್ರ ಎಂದೋ ತೆರೆಕಂಡಿತ್ತು. ಆದರೆ ಅದರೊಳಗೆ ಸೇರದೆ ಉಳಿದ ಮಾತುಗಳೇ ಹೆಚ್ಚು. ಅವೂ ಉಳಿಯುವಂತೆ ಮಾಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನೀರುಗಂಟಿಗಳಿಗೆ. ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಮೊದಲು ನೀರು ಬಿಡಬೇಕು, ಮಳೆ ಕೈಕೊಟ್ಟ ವರ್ಷ ಯಾರ ಪಾಲು ಎಷ್ಟು ಎಂಬುದನ್ನೆಲ್ಲ ಊರಿನ ಪರವಾಗಿ ನೋಡಿಕೊಳ್ಳುತ್ತಿದ್ದವರು ಅವರು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಧಾನ್ಯ ಸಿಗುತ್ತಿತ್ತು. ಕೊಳವೆಬಾವಿಗಳು ಹೆಚ್ಚಿ ಕೆರೆಗಳು ಬತ್ತಿದ ಮೇಲೆ ಅವರನ್ನು ಕೇಳುವವರು ಕಡಿಮೆಯಾದರು. ಹಾಗಿದ್ದೂ ಕ್ಯಾಮೆರಾ ಹೊತ್ತು ಬಂದ ಅಪರಿಚಿತನಿಗೆ ಒಣಗಿದ ಕೆರೆಯ ಅಂಗಳದಲ್ಲಿ ನಿಂತು ನೀರಿನ ಲೆಕ್ಕವನ್ನು ಬಿಡಿಸಿ ಹೇಳಿದರು. ಹಿರಿಯರೊಬ್ಬರು ಏರಿಯ ಮೇಲೆ ಕೋಡಿಯವರೆಗೆ ನನ್ನನ್ನು ನಡೆಸಿದ ಮೇಲೆಯೇ ಮಾತಿಗೆ ಕುಳಿತರು. ಪ್ರಶ್ನೆ ಕೇಳುವ ಮೊದಲು ಜಾಗ ನೋಡುವ ಅಭ್ಯಾಸ ನನಗೆ ಬಂದದ್ದು ಅವರಿಂದ.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿಯತೊಡಗಿತು. ತುಂಬಿದ ಕೆರೆಯನ್ನೇ ನೋಡಿ ಬೆಳೆಯುತ್ತಿರುವ ಮಕ್ಕಳಿಗೆ, ಮಳೆಯ ನೀರನ್ನು ಅಳೆದು ಹಂಚಿಕೊಂಡ ಕಾಲವನ್ನು ನೀರುಗಂಟಿಗಳ ಬಾಯಿಂದಲೇ ಕೇಳಿಸಬೇಕೆಂಬುದು ನನ್ನ ಆಸೆ.

ಒಂದು ಗಂಟೆಯ ಟೇಪನ್ನು ವರ್ಗಾಯಿಸಲು ಒಂದು ಗಂಟೆಯೇ ಬೇಕು, ಸುಮಾರು 13 ಜಿಬಿ ಜಾಗವೂ ಬೇಕು. ಟೇಪ್ ಓಡಿಸುವ ಯಂತ್ರಗಳ ಬಿಡಿಭಾಗಗಳು ಈಗ ಸಿಗುವುದೇ ಕಷ್ಟ. ಬೆಂಗಳೂರಿನ ಎಸ್.ಪಿ. ರಸ್ತೆಯ ಮೆಕ್ಯಾನಿಕ್ ಒಬ್ಬರು ಹಳೆಯ ಯಂತ್ರವೊಂದನ್ನು ಮತ್ತೆ ಮತ್ತೆ ರಿಪೇರಿ ಮಾಡಿಕೊಟ್ಟರು. ಅವರಿಲ್ಲದೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಕನ್ನಡದಲ್ಲಿ ಆರಂಭವಾಗಿ ತೆಲುಗಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುವ ಮಾತನ್ನು ಒಂದಿಷ್ಟೂ ತಿದ್ದದೆ ಬರೆದುಕೊಟ್ಟವರು ಮುಳಬಾಗಿಲಿನ ಇಬ್ಬರು ಶಿಕ್ಷಕಿಯರು. ಸಂದರ್ಶನ ಮುಗಿದ ಮೇಲೂ ಎಲ್ಲರನ್ನೂ ಸುಮ್ಮನಿರಿಸಿ ಆ ಜಾಗದ ಸದ್ದನ್ನು ದಾಖಲಿಸುತ್ತಿದ್ದ ಧ್ವನಿಗ್ರಾಹಕ ಗೆಳೆಯನ ಹಟದ ಬೆಲೆ ಈಗ ತಿಳಿಯುತ್ತಿದೆ.

2004ರ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಹಲವು ಸಾಕ್ಷ್ಯಚಿತ್ರಗಳನ್ನು ಕೈಬಿಟ್ಟಾಗ ನಿರ್ದೇಶಕರು ಒಗ್ಗೂಡಿ ‘ವಿಕಲ್ಪ’ ಎಂಬ ಪರ್ಯಾಯ ಉತ್ಸವವನ್ನೇ ನಡೆಸಿದರು. ಚಿತ್ರಮಂದಿರ ಸಿಗದಿದ್ದರೆ ಶಾಲೆಯ ಕೋಣೆಯಲ್ಲಾದರೂ ತೋರಿಸೋಣ ಎಂಬ ಧೈರ್ಯವನ್ನು ನನ್ನಂಥವರಿಗೆ ಕೊಟ್ಟ ಆ ಹಿರಿಯರಿಗೆ ನಾನು ಋಣಿ.

ಸಾಕ್ಷ್ಯಚಿತ್ರವೊಂದನ್ನೇ ನಂಬಿ ಮನೆ ನಡೆಯುವುದಿಲ್ಲ. ಸಂಸ್ಥೆಗಳಿಗೆ ನಾನು ಮಾಡಿಕೊಡುವ ಡಿಜಿಟಲ್ ವಿಡಿಯೊಗಳಿಂದ ಬರುವ ಹಣವೂ ಸಾಕಾಗದ ತಿಂಗಳುಗಳಲ್ಲಿ ಸಂಸಾರ ತೂಗಿಸಿದವಳು ನನ್ನ ಹೆಂಡತಿ. ಪ್ರತಿ ಚಿತ್ರದ ಮೊದಲ ಕರಡನ್ನು ನೋಡಿ, ಎಲ್ಲಿ ಬೇಸರವಾಯಿತು ಎಂದು ಮುಲಾಜಿಲ್ಲದೆ ಹೇಳುವವಳೂ ಅವಳೇ.

ಮಾತನಾಡಿದ ಪ್ರತಿಯೊಬ್ಬರ ಮನೆಗೂ ಅವರ ಭಾಗದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತಲುಪಿಸುತ್ತಿದ್ದೇನೆ. ಹೊರಗಿನವರಿಗೆ ತೋರಿಸುವುದು ಬೇಡವೆನಿಸಿದ ಮಾತು ಅದರಲ್ಲಿದ್ದರೆ ದಯವಿಟ್ಟು ತಿಳಿಸಿ, ಸಾರ್ವಜನಿಕ ಸಂಗ್ರಹಕ್ಕೆ ಅದನ್ನು ಸೇರಿಸುವುದಿಲ್ಲ. ಶ್ರೀನಿವಾಸಪುರದ ಕಡೆಯ ಊರುಗಳು ಇನ್ನೂ ಬಾಕಿ ಇವೆ. ಹಬ್ಬ ಮುಗಿದ ಕೂಡಲೇ ಅಲ್ಲಿಗೂ ಬರುತ್ತೇನೆ.