ಹುಳದ ಬಾಯಿ ಕಟ್ಟುವ ಬೇವು

ಮಾನ್ಯರೇ,

2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳು ಜಗಳೂರು, ಹರಿಹರ, ಹೊಳಲ್ಕೆರೆ ಕಡೆಯ ಮೆಕ್ಕೆಜೋಳವನ್ನು ಇನ್ನೂ ಬಿಟ್ಟಿಲ್ಲ. ಬೇವಿನ ಬೀಜದ ಕಷಾಯ ಹೊಡೆದವರು ಮರುದಿನ ಸುಳಿ ಬಿಡಿಸಿ ನೋಡಿ ‘ಹುಳ ಸತ್ತೇ ಇಲ್ಲ’ ಎಂದು ಬೇಸರಪಡುತ್ತಾರೆ. ಬೇವು ಮೊದಲು ಮಾಡುವುದು ಹುಳ ತಿನ್ನದಂತೆ ತಡೆಯುವುದು. ಅದರ ಫಲ ತಿಳಿಯಬೇಕಾದರೆ ಹೊಸ ಎಲೆಯ ತೂತು, ಹಸಿ ಲದ್ದಿ ಕಡಿಮೆಯಾಗಿದೆಯೇ ನೋಡಬೇಕು.

ಮರಿಹುಳು ಮೊದಲು ಬಾಯಿಯ ಪಕ್ಕದ ಕಿರುಮೀಸೆಗಳಿಂದ ಎಲೆಯನ್ನು ತಡವುತ್ತದೆ, ಆಮೇಲೆ ಒಂದೆರಡು ಸಲ ಕಚ್ಚಿ ರುಚಿ ನೋಡುತ್ತದೆ. ದವಡೆಯ ಹಿಂದಿರುವ ಜೋಡಿ ಅಂಗಗಳ ಮೇಲೆ ಎರಡೆರಡು ಸೂಕ್ಷ್ಮ ಮೊಳೆಗಳಿವೆ. ಒಂದೊಂದರಲ್ಲೂ ನಾಲ್ಕು ರುಚಿಕೋಶ. ಸಕ್ಕರೆ ತಾಗಿದರೆ ಅಗಿಯುವುದು ಎಡೆಬಿಡದೆ ಸಾಗುತ್ತದೆ, ಕಹಿಕೋಶ ಕೆರಳಿದರೆ ದವಡೆ ನಿಲ್ಲುತ್ತದೆ. ಬೇವಿನ ಕಹಿ ಅಂಶವಾದ ಅಜಾಡಿರಾಕ್ಟಿನ್ ಕಹಿಕೋಶವನ್ನು ಕೆರಳಿಸಿ, ಸಕ್ಕರೆಕೋಶವನ್ನೂ ಮಂಕಾಗಿಸುತ್ತದೆ. ರೇಷ್ಮೆ ಹುಳದ ಈ ಅಂಗಗಳನ್ನು ಕತ್ತರಿಸಿದರೆ ಅದು ಹಿಪ್ಪುನೇರಳೆಯಲ್ಲದ ಎಲೆಯನ್ನೂ ತಿನ್ನುತ್ತದೆ. ರುಚಿಯ ಹಿಡಿತ ಅಷ್ಟು ಬಲವಾದದ್ದು. ಹೊಟ್ಟೆಗೆ ಹೋದಷ್ಟು ಬೇವು ಪೊರೆ ಕಳಚುವುದನ್ನು ಕೆಡಿಸುತ್ತದೆ, ಹಾಗಾಗಿ ಸಾವು ತಡ.

ಕಷಾಯ ಕೆಡುವುದು ತಯಾರಿಯಲ್ಲೇ. ನೆರಳಲ್ಲಿ ಒಣಗಿಸಿದ ಬೀಜದ ತಿರುಳು 5 ಕೆ.ಜಿ. ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಾಲಿನಂತಾಗುವವರೆಗೆ ಕದಡಿ, ತೆಳುಬಟ್ಟೆಯಲ್ಲಿ ಸೋಸಿ 100 ಲೀಟರ್ ಮಾಡಬೇಕು. ಎಲೆಗೆ ಅಂಟಲು 200 ಗ್ರಾಂ ಸೋಪಿನ ಪುಡಿ. ಕುದಿಸಬಾರದು. ಹತ್ತು ತಿಂಗಳು ದಾಟಿದ, ಬೂಷ್ಟು ಹಿಡಿದ ಬೀಜ ಬೇಡ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ನಾಶವಾಗುವುದರಿಂದ ಸಂಜೆ, ಸುಳಿಯೊಳಗೆ ಇಳಿಯುವಂತೆ ಹೊಡೆಯಬೇಕು. ಅಂಗಡಿಯ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 1500 ಭಾಗ) ಅಜಾಡಿರಾಕ್ಟಿನ್ ಔಷಧವಾದರೆ ಲೀಟರಿಗೆ 5 ಮಿ.ಲೀ. ಆದರೂ ನಮ್ಮ ಒಲವು ಮನೆಯ ಕಷಾಯದ ಕಡೆಗೆ. ಸೈನಿಕ ಹುಳುವಿನ ಕುಲದ್ದೇ ಆದ, ತಂಬಾಕಿನ ಎಲೆ ತಿನ್ನುವ ಹುಳು ಶುದ್ಧ ಅಜಾಡಿರಾಕ್ಟಿನ್ ರುಚಿಗೆ ಒಗ್ಗಿಹೋಗಿ ಮತ್ತೆ ತಿನ್ನತೊಡಗಿದ್ದು, ಅಷ್ಟೇ ಅಜಾಡಿರಾಕ್ಟಿನ್ ಇರುವ ಬೇವಿನ ಸಾರಕ್ಕೆ ಮಾತ್ರ ಒಗ್ಗದಿದ್ದದ್ದು ಪ್ರಯೋಗದಲ್ಲಿ ಕಂಡಿದೆ.

ಇದೆಲ್ಲ ಎಳೆ ಹುಳಕ್ಕೆ. ಬಲಿತ ಹುಳು ಲದ್ದಿಯಿಂದ ಸುಳಿ ಮುಚ್ಚಿಕೊಂಡ ಮೇಲೆ ದ್ರಾವಣ ಒಳಗಿಳಿಯದು. ಆಗ ಅದರ ಸಿಹಿಯ ಆಸೆಯನ್ನೇ ಬಳಸಬೇಕು: 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, 2–3 ಲೀಟರ್ ನೀರು ಕಲಸಿ 24 ಗಂಟೆ ಹುಳಿಯಲು ಬಿಡಿ. ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲಷ್ಟೇ ಶೇ. 75ರ ಥಯೋಡಿಕಾರ್ಬ್ ಎಂಬ ಕೀಟನಾಶಕದ ಪುಡಿ 100 ಗ್ರಾಂ ಬೆರೆಸಿ, ಕೈಗವಸು ತೊಟ್ಟು ಸುಳಿಗೆ ಉದುರಿಸಿ. ಬೇವು, ಪಾಷಾಣ ಎರಡೂ ಇದ್ದರೆ ಇನ್ನೂ ಒಳ್ಳೆಯದೆಂದು ಈ ತೌಡಿಗೆ ಕಷಾಯ ಸೇರಿಸುವುದು ದೊಡ್ಡ ತಪ್ಪು. ಕಹಿ ತಾಗಿದ ಹುಳು ಪಾಷಾಣವನ್ನೂ ತಿನ್ನದೆ ಬಿಡುತ್ತದೆ. ಬೆಲ್ಲದ ವಾಸನೆಗೆ ದನಕರು, ಕೋಳಿಗಳೂ ಬರುತ್ತವೆ. ಅವು ಹೊಲಕ್ಕೆ ನುಗ್ಗದಂತೆ, ಉಳಿದ ತೌಡು ಮನೆ ಸೇರದಂತೆ ನೋಡಿಕೊಳ್ಳಿ.

– ಬೆಳೆ ಸಂರಕ್ಷಣಾ ಸಲಹೆಗಾರರು, ದಾವಣಗೆರೆ